ಮಳೆ ಸೀಮೆಯಲ್ಲಿ ಟಿಲ್ಲರ್‌ಗೆ ಪೇಂಟ್ ಹೊಡೆಯೋಕೆ ಯಾವ ಗನ್, ಯಾವ ಕಂಪ್ರೆಸರ್?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಬಸ್ಸಲ್ಲಿ ಕೂತು ಕೇಳ್ತಾ ಇರೋರಿಗೆ, ಅಂಗಳದಲ್ಲಿ ಅಡಿಕೆ ಸುಲಿತಾ ಕೇಳ್ತಾ ಇರೋರಿಗೆ, ಎಲ್ಲರಿಗೂ ಸ್ವಾಗತ. ಹೋದ ಸಂಚಿಕೆಯಲ್ಲಿ ಸಣ್ಣ ಅಂಗಡಿಗಳ ಲೆಕ್ಕಪುಸ್ತಕದ ಬಗ್ಗೆ ಮಾತಾಡಿದ್ವಿ. ಇವತ್ತಿನ ವಿಷಯದಲ್ಲಿ ಲೆಕ್ಕ ಇದೆ, ಜೊತೆಗೆ ಸ್ವಲ್ಪ ಗ್ರೀಸ್, ತುಕ್ಕು, ಥಿನ್ನರ್ ವಾಸನೆನೂ ಇದೆ.

ನಮ್ಮ ದೊಡ್ಡಪ್ಪನ ಮಗ ತೀರ್ಥಹಳ್ಳಿ ಕಡೆ ವೆಲ್ಡಿಂಗ್ ಶಾಪ್ ಇಟ್ಟಿದಾನೆ. ಗೇಟು, ಗ್ರಿಲ್ಲು, ಟ್ರೈಲರ್ ರಿಪೇರಿ. ರಿಪೇರಿ ಆದ ಮೇಲೆ ಎಲ್ಲರೂ ಕೇಳೋದು ಒಂದೇ, "ಪೇಂಟೂ ನೀವೇ ಹೊಡೆದು ಕೊಡ್ತೀರಾ?" ಇಲ್ಲಿವರೆಗೆ ಬ್ರಷ್‌ನಲ್ಲಿ ಬಳಿದು ಕೊಡ್ತಿದ್ದ. ಈಗ ಸಾಲ ಮಾಡಿ ಸ್ಪ್ರೇ ಸೆಟ್ ಹಾಕ್ಬೇಕು ಅಂತ ಯೋಚನೆ. ನಾನು ಬಿ.ಕಾಂ. ಓದಿದವನು, ಗನ್ ಹಿಡಿಯೋದು ಅವನ ಕೆಲಸ. ಆದ್ರೆ ಸಾಲ ಅಂದಾಗ ಮನೆಯವರೆಲ್ಲ ನನ್ನ ಕಡೆ ನೋಡ್ತಾರೆ. ಹಾಗಾಗಿ ಇಬ್ಬರೂ ಸೇರಿ ಶಿವಮೊಗ್ಗದ ಅಂಗಡಿಗಳನ್ನೆಲ್ಲ ಸುತ್ತಿದ್ವಿ. ಅಲ್ಲಿ ಕೇಳಿದ್ದು, ಓದಿದ್ದು, ಕೂತು ಲೆಕ್ಕ ಹಾಕಿದ್ದು, ಎಲ್ಲ ಒಟ್ಟಿಗೆ ಇವತ್ತು ಹೇಳ್ತೀನಿ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಯೂಟ್ಯೂಬಲ್ಲಿ ಸಿಗೋ ಸಲಹೆ ಬಹುಪಾಲು ಒಣ ಹವೆಯ ಊರುಗಳಿಗೆ ಸರಿ. ಆಗುಂಬೆ ಇರೋದು ನಮ್ಮದೇ ತಾಲೂಕಲ್ಲಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳೋ ಜಾಗ ಅದು. ಇಲ್ಲಿ ಗನ್ ಆರಿಸೋವಾಗ ಮೊದಲು ಕೇಳಬೇಕಾದ ಪ್ರಶ್ನೆ ನೀರಿನದ್ದು.

ಪೇಂಟ್ ಬರೀ ಚಂದಕ್ಕಾ?

ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಒಂದು ಪ್ರಯೋಗ ನೆನಪಿದೆಯಾ? ಮೈಲುತುತ್ತದ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ, ಸ್ವಲ್ಪ ಹೊತ್ತಲ್ಲಿ ಮೊಳೆ ಮೇಲೆ ಕಂದು ಬಣ್ಣ ಕೂರುತ್ತೆ. ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗುತ್ತೆ, ತಾಮ್ರ ಹೊರಗೆ ಬರುತ್ತೆ. ಈಗ ಯೋಚನೆ ಮಾಡಿ. ಕೊಳೆರೋಗಕ್ಕೆ ಅಂತ ಮಳೆಗಾಲದಲ್ಲಿ ತೋಟಕ್ಕೆ ಬೋರ್ಡೋ ಹೊಡಿತೀವಲ್ಲ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ ಕರಗಿಸೋ ಜಾಗದಲ್ಲೇ ಟಿಲ್ಲರ್ ನಿಂತಿರುತ್ತೆ, ಟ್ರೈಲರ್ ಮೇಲೆನೇ ಡ್ರಮ್ ಇರುತ್ತೆ. ಚೆಲ್ಲಿದ್ದು ಪೇಂಟ್ ಎದ್ದ ಜಾಗಕ್ಕೆ ಹೋಗಿ ಕೂರುತ್ತೆ. ಆಮೇಲೆ ಪೊಟ್ಯಾಷ್ ಗೊಬ್ಬರ ಸಾಗಿಸ್ತೀವಿ, ಅದರಲ್ಲಿರೋ ಕ್ಲೋರೈಡ್ ಕೂಡ ಕಬ್ಬಿಣ ತಿನ್ನುತ್ತೆ. ಇದರ ಮೇಲೆ ಹಸಿ ಮಣ್ಣು ಮೆತ್ತಿಕೊಂಡು ವಾರಗಟ್ಟಲೆ ಹಾಗೇ ಇರುತ್ತೆ. ಹಾಗಾಗಿ ನಮ್ಮ ಕಡೆ ಪೇಂಟ್ ಅನ್ನೋದು ಯಂತ್ರದ ರೈನ್‌ಕೋಟ್. ರೈನ್‌ಕೋಟ್ ಹೊಲಿಯೋವಾಗಲೇ ಒಳಗೆ ನೀರು ಸೇರಿಸಿ ಹೊಲಿದರೆ ಏನು ಪ್ರಯೋಜನ?

ನೀರು ಮೂರು ದಾರಿಯಿಂದ ಬರುತ್ತೆ

ಒಂದು, ಗಾಳಿಯಿಂದ. ಎರಡು, ಕಬ್ಬಿಣದ ಮೈಮೇಲಿಂದ. ಮೂರು, ಕಂಪ್ರೆಸರ್ ಪೈಪಿನೊಳಗಿಂದ.

ಗಾಳಿಯದ್ದು ಎಲ್ಲರಿಗೂ ಗೊತ್ತು. ಆರ್ದ್ರತೆ 85 ಪರ್ಸೆಂಟ್ ದಾಟಿದ್ರೆ ಹೊಡಿಬೇಡಿ ಅನ್ನೋದು ಕಬ್ಬಿಣಕ್ಕೆ ಪೇಂಟ್ ಮಾಡೋ ಕಡೆ ಸಾಮಾನ್ಯವಾಗಿ ಪಾಲಿಸೋ ನಿಯಮ. ಎರಡನೇದು ಕಣ್ಣಿಗೆ ಕಾಣಲ್ಲ. ಸ್ಟೀಲ್ ಲೋಟಕ್ಕೆ ತಣ್ಣೀರು ಹಾಕಿದ್ರೆ ಹೊರಗಡೆ ಬೆವರುತ್ತಲ್ಲ, ಅದೇ ಕಥೆ. ಗಾಳಿಯಲ್ಲಿರೋ ತೇವ ಯಾವ ಉಷ್ಣತೆಯಲ್ಲಿ ನೀರಾಗಿ ಕೂರುತ್ತೋ ಅದಕ್ಕೆ ಇಬ್ಬನಿ ಬಿಂದು ಅಂತಾರೆ. ಡ್ಯೂ ಪಾಯಿಂಟ್. ಕಬ್ಬಿಣದ ಮೈ ಅದಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು.

ಇದನ್ನ ಅಂದಾಜು ಮಾಡೋ ಸುಲಭ ಲೆಕ್ಕ ಹೇಳ್ತೀನಿ, ಸ್ಕ್ರೀನ್‌ಶಾಟ್ ತಗೊಳ್ಳಿ. 100ರಿಂದ ಆರ್ದ್ರತೆ ಕಳೆಯಿರಿ, ಬಂದಿದ್ದನ್ನ 5ರಿಂದ ಭಾಗಿಸಿ, ಅದನ್ನ ಗಾಳಿಯ ಉಷ್ಣತೆಯಿಂದ ಕಳೆಯಿರಿ. ಉಷ್ಣತೆ 27, ಆರ್ದ್ರತೆ 80 ಅಂದ್ಕೊಳ್ಳಿ. 20 ಭಾಗಿಸು 5, ನಾಲ್ಕು. 27ರಲ್ಲಿ 4 ಹೋದ್ರೆ 23. ಅಂದ್ರೆ ಕಬ್ಬಿಣದ ಮೈ 26 ಡಿಗ್ರಿ ಆದ್ರೂ ಇರಬೇಕು. ಆರ್ದ್ರತೆ 85ರ ಒಳಗೇ ಇದೆ, ಮಳೆ ಇಲ್ಲ, ಬಿಸಿಲೂ ಬಂದಿದೆ, ಸರಿ. ಆದ್ರೆ ಟಿಲ್ಲರ್‌ನ ಗೇರ್‌ಬಾಕ್ಸ್ ದಪ್ಪ ಎರಕದ ಕಬ್ಬಿಣ. ರಾತ್ರಿ ತಣ್ಣಗಾಗಿದ್ದು ಬೆಳಗ್ಗೆ ಹತ್ತು ಗಂಟೆಗೂ 22 ಡಿಗ್ರಿಯಲ್ಲೇ ಇರಬಹುದು. ಮಡ್‌ಗಾರ್ಡಿನ ತೆಳು ತಗಡು ಬೆಚ್ಚಗಾಗಿದೆ, ಗೇರ್‌ಬಾಕ್ಸ್ ಬೆವರ್ತಾ ಇದೆ. ಒಂದೇ ದಿನ, ಒಂದೇ ಪೇಂಟ್, ಮಡ್‌ಗಾರ್ಡಲ್ಲಿ ನಿಲ್ಲುತ್ತೆ, ಗೇರ್‌ಬಾಕ್ಸಲ್ಲಿ ಸಿಪ್ಪೆ ಏಳುತ್ತೆ. "ಪೇಂಟ್ ಡೂಪ್ಲಿಕೇಟು" ಅಂತ ಬೈಯೋಕೆ ಮುಂಚೆ ಇದನ್ನ ನೋಡಬೇಕು.

ಇದಕ್ಕೆ ಬೇಕಿರೋದು ಎರಡು ಸಣ್ಣ ಸಾಧನ. ಆರ್ದ್ರತೆ ತೋರಿಸೋ ಹೈಗ್ರೋಮೀಟರ್, ಮೈ ಬಿಸಿ ಅಳೆಯೋ ಇನ್‌ಫ್ರಾರೆಡ್ ಥರ್ಮಾಮೀಟರ್. ಕೋವಿಡ್ ಟೈಮಲ್ಲಿ ಹಣೆಗೆ ಹಿಡಿತಿದ್ರಲ್ಲ, ಅದರದ್ದೇ ಕಾರ್ಖಾನೆಗೆ ಬಳಸೋ ಜಾತಿ. ನನ್ನ ಪ್ರಕಾರ ಗನ್‌ಗಿಂತ ಮೊದಲು ಬಿಲ್ ಮಾಡಿಸಬೇಕಾದ್ದು ಇವೆರಡು.

ಕಂಪ್ರೆಸರ್ ಒಂದು ನೀರಿನ ಪಂಪು

ಮೂರನೇ ದಾರಿಗೆ ಬರೋಣ. ಆರಿಸೋ ವಿಷಯ ನಿಜವಾಗಿ ಶುರುವಾಗೋದು ಇಲ್ಲಿ.

ಕಂಪ್ರೆಸರ್ ಗಾಳಿಯನ್ನ ಹಿಂಡುತ್ತೆ. ಒದ್ದೆ ಬಟ್ಟೆ ಹಿಂಡಿದ್ರೆ ನೀರು ಬರುತ್ತಲ್ಲ, ಇಲ್ಲೂ ಹಾಗೇ. 28 ಡಿಗ್ರಿ ಉಷ್ಣತೆ, 85 ಪರ್ಸೆಂಟ್ ಆರ್ದ್ರತೆ ಇರೋ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚುಕಮ್ಮಿ 23 ಗ್ರಾಂ ನೀರು ಆವಿಯಾಗಿ ಇರುತ್ತೆ. ನಿಮಿಷಕ್ಕೆ 8 ಘನ ಅಡಿ, ಅಂದ್ರೆ 8 ಸಿಎಫ್‌ಎಂ ಕೊಡೋ ಕಂಪ್ರೆಸರ್ ಗಂಟೆಗೆ 13 ಘನ ಮೀಟರ್‌ಗೂ ಜಾಸ್ತಿ ಗಾಳಿ ಎಳೆಯುತ್ತೆ. ಅದರ ಜೊತೆ 300 ಗ್ರಾಂ ನೀರು. 8 ಬಾರ್ ಒತ್ತಡಕ್ಕೆ ಹಿಂಡಿ ಮತ್ತೆ ತಣ್ಣಗಾಗೋಕೆ ಬಿಟ್ಟರೆ ಆ ಗಾಳಿಗೆ 40 ಗ್ರಾಂ ಹಿಡಿಯೋ ಶಕ್ತಿ ಮಾತ್ರ ಉಳಿಯುತ್ತೆ. ಉಳಿದ ಕಾಲು ಲೀಟರ್‌ಗೂ ಜಾಸ್ತಿ ನೀರು ಎಲ್ಲಿಗೆ ಹೋಗ್ಬೇಕು? ಟ್ಯಾಂಕಿಗೆ, ಪೈಪಿಗೆ, ಇಲ್ಲಾಂದ್ರೆ ಗನ್ ಮೂಲಕ ನಿಮ್ಮ ಪೇಂಟ್ ಮೇಲೆ. ಬಿಡದೆ ಓಡಿಸಿದ್ರೆ ಪ್ರತಿ ಗಂಟೆಗೂ ಇಷ್ಟು.

ಇದನ್ನ ಕೇಳಿ ಅಣ್ಣ ಹೇಳಿದ, "ಹಂಗಾದ್ರೆ ನಾನು ದುಡ್ಡು ಕೊಟ್ಟು ಪಂಪ್‌ಸೆಟ್ ತಗೊಳ್ತಾ ಇದೀನಾ ಮಾರಾಯ?"

ಒಂಥರಾ ಹೌದು. ಅದಕ್ಕೇ ಯಾವ ಯಂತ್ರ ಅನ್ನೋದನ್ನ ಈ ಕಣ್ಣಲ್ಲಿ ನೋಡೋಣ.

ನಾಲ್ಕು ದಾರಿ

ಮೊದಲನೇದು, ಹಳೇ ಮಾದರಿ ಗನ್ ಮತ್ತು ಕಂಪ್ರೆಸರ್. ಗನ್ ಅಗ್ಗ, ಎಲ್ಲ ಕಡೆ ಸಿಗುತ್ತೆ, ಬಿಡಿಭಾಗವೂ ಸಿಗುತ್ತೆ. ಆದ್ರೆ ಒತ್ತಡ ಜಾಸ್ತಿ, ಪೇಂಟಲ್ಲಿ ಬಹುಪಾಲು ಮಂಜಾಗಿ ಗಾಳಿಗೆ ಹೋಗುತ್ತೆ. ಕಬ್ಬಿಣದ ಮೇಲೆ ಕೂರೋದು ಮೂರರಲ್ಲಿ ಒಂದು ಪಾಲು ಅಂದ್ಕೊಳ್ಳಿ.

ಎರಡನೇದು, ಎಚ್‌ವಿಎಲ್‌ಪಿ. ಗಾಳಿ ಜಾಸ್ತಿ, ಒತ್ತಡ ಕಮ್ಮಿ. ಗನ್ ಬಾಯಲ್ಲಿ ಒತ್ತಡ 10 ಪಿಎಸ್‌ಐ ಮೀರಲ್ಲ. ಪೇಂಟಿನ 65 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ವಸ್ತುವಿನ ಮೇಲೇ ಕೂರಬೇಕು ಅನ್ನೋದು ಈ ಜಾತಿಗೆ ಇಟ್ಟಿರೋ ಅಳತೆ. ಎಲ್ಲರೂ ಹೊಗಳೋ ಗನ್ ಇದು. ತೊಂದರೆ ಏನಂದ್ರೆ ತುಂಬಾ ಮಾದರಿಗಳು 10ರಿಂದ 14 ಸಿಎಫ್‌ಎಂ ಗಾಳಿ ಕುಡಿಯುತ್ತವೆ. ಇದರ ಸಣ್ಣ ತಮ್ಮನ ಥರ ಎಲ್‌ವಿಎಲ್‌ಪಿ ಗನ್ ಬರುತ್ತೆ, ಕಮ್ಮಿ ಗಾಳಿ ಕಮ್ಮಿ ಒತ್ತಡ. 5ರಿಂದ 7 ಸಿಎಫ್‌ಎಂಗೆ ಕೆಲಸ ಮಾಡೋ ಮಾದರಿ ಸಿಗುತ್ತೆ. ಕೆಲಸ ಸ್ವಲ್ಪ ನಿಧಾನ.

ಮೂರನೇದು, ಟರ್ಬೈನ್. ಇದರಲ್ಲಿ ಟ್ಯಾಂಕೇ ಇಲ್ಲ. ವ್ಯಾಕ್ಯೂಮ್ ಕ್ಲೀನರ್ ಉಲ್ಟಾ ತಿರುಗಿದ ಹಾಗೆ ಫ್ಯಾನು ಗಾಳಿ ಊದುತ್ತೆ. ಒತ್ತಡ ಕಮ್ಮಿ ಇರೋದ್ರಿಂದ ನೀರು ಹಿಂಡಿ ಬರಲ್ಲ, ಗಾಳಿಯೂ ಬೆಚ್ಚಗಿರುತ್ತೆ. ತೇವದ ಊರಿಗೆ ಇದು ದೊಡ್ಡ ಅನುಕೂಲ. ಸಿಂಗಲ್ ಫೇಸಲ್ಲೂ ಓಡುತ್ತೆ. ಆದ್ರೆ ಒಳ್ಳೆ ಮಾದರಿಗೆ ದುಡ್ಡು ಜಾಸ್ತಿ. ಆನ್‌ಲೈನಲ್ಲಿ ಬರೋ ಕೈಹಿಡಿತದ ಅಗ್ಗದ್ದು ಇದೇ ಜಾತಿಯ ಬಡ ನೆಂಟ. ದಪ್ಪ ಪೇಂಟ್ ತಳ್ಳೋಕೆ ಅದು ಒದ್ದಾಡುತ್ತೆ. ಮತ್ತೆ ಟರ್ಬೈನಿಂದ ವೆಲ್ಡಿಂಗ್ ಶಾಪಿನ ಬೇರೆ ಯಾವ ಕೆಲಸವೂ ಆಗಲ್ಲ. ಕಂಪ್ರೆಸರ್ ಇದ್ರೆ ಟೈರಿಗೆ ಗಾಳಿ ಹಾಕಬಹುದು, ಫಿಲ್ಟರ್ ಊದಬಹುದು.

ನಾಲ್ಕನೇದು, ಏರ್‌ಲೆಸ್. ಗಾಳಿ ಬೇಡವೇ ಬೇಡ. ಪೇಂಟನ್ನೇ 1,500ರಿಂದ 3,000 ಪಿಎಸ್‌ಐ ಒತ್ತಡದಲ್ಲಿ ಸಣ್ಣ ತೂತಿಂದ ತಳ್ಳುತ್ತೆ. ತೋಟಕ್ಕೆ ಮದ್ದು ಹೊಡೆಯೋ ಎಚ್‌ಟಿಪಿ ಪಂಪ್ ಗೊತ್ತಲ್ಲ, ಅದರದ್ದೇ ತತ್ವ, ಒತ್ತಡ ಮಾತ್ರ ಎಷ್ಟೋ ಪಟ್ಟು. ಪೈಪಿಂದ ನೀರು ಬರೋ ಮಾತೇ ಇಲ್ಲ. ಗೋಡೌನ್ ಛಾವಣಿ, ದೊಡ್ಡ ಟ್ರೈಲರ್ ಇದ್ರೆ ಸರಿ. ಟಿಲ್ಲರ್ ಹ್ಯಾಂಡಲ್, ರೋಟವೇಟರ್ ಬ್ಲೇಡಿನ ಬುಡ ಇಂಥದ್ದಕ್ಕೆ ಹೊಡೆದ್ರೆ ಅರ್ಧ ಪೇಂಟ್ ಹಿಂದಿನ ಗೋಡೆಗೆ. ಇನ್ನೊಂದು, ಆ ಒತ್ತಡದಲ್ಲಿ ಬೆರಳು ಅಡ್ಡ ಬಂದ್ರೆ ಪೇಂಟ್ ಚರ್ಮದೊಳಗೆ ಹೋಗುತ್ತೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣ್ಬಹುದು, ಆದ್ರೆ ಬೆರಳೇ ಹೋಗೋ ಅಪಾಯ. ತಕ್ಷಣ ಆಸ್ಪತ್ರೆಗೆ ಓಡಬೇಕು.

ಲೇಬಲ್ ಓದೋದು ಹೇಗೆ

ಕಂಪ್ರೆಸರ್ ತಗೊಳ್ಳೋವಾಗ ಡಬ್ಬದ ಮೇಲಿನ ಸಿಎಫ್‌ಎಂ ನೋಡಿ ಖುಷಿ ಪಡಬೇಡಿ. ಅಲ್ಲಿ ಬರೆದಿರೋದು ಬಹಳ ಸಲ ಪಿಸ್ಟನ್ ಡಿಸ್‌ಪ್ಲೇಸ್‌ಮೆಂಟ್. ನಮಗೆ ಬೇಕಿರೋದು ಎಫ್‌ಎಡಿ, ಅಂದ್ರೆ ನಿಜವಾಗಿ ಹೊರಗೆ ಬರೋ ಗಾಳಿ. ಇದು ಮೊದಲಿನದ್ದರ ಮುಕ್ಕಾಲು ಪಾಲಿಗಿಂತ ಕಮ್ಮಿನೂ ಇರಬಹುದು. ಸಂಬಳದಲ್ಲಿ ಗ್ರಾಸ್ ಬೇರೆ, ಕೈಗೆ ಬರೋದು ಬೇರೆ ಅಲ್ವಾ? ನಾವು ನೋಡಿದ 3 ಎಚ್‌ಪಿ ಮಾದರಿ ಡಬ್ಬದ ಮೇಲೆ 11 ಸಿಎಫ್‌ಎಂ, ಕೈಗೆ ಬರೋದು 8.

ಈಗ ಮುಖ್ಯ ವಿಷಯ. 8 ಕೊಡೋ ಕಂಪ್ರೆಸರ್‌ಗೆ 12 ಕುಡಿಯೋ ಎಚ್‌ವಿಎಲ್‌ಪಿ ಗನ್ ಹಾಕಿದ್ರೆ ಏನಾಗುತ್ತೆ? ಮೋಟರ್ ನಿಲ್ಲೋದೇ ಇಲ್ಲ. ಪಂಪ್ ಕೆಂಡ ಆಗುತ್ತೆ, ಬಿಸಿ ಗಾಳಿ ಟ್ಯಾಂಕಲ್ಲಿ ತಣ್ಣಗಾಗೋಕೆ ಸಮಯವೇ ಸಿಗಲ್ಲ. ಆವಿ ಆವಿಯಾಗೇ ವಾಟರ್ ಟ್ರ್ಯಾಪ್ ದಾಟಿ ಹೋಗುತ್ತೆ. ಯಾಕಂದ್ರೆ ಸಾಮಾನ್ಯ ಟ್ರ್ಯಾಪ್ ಹಿಡಿಯೋದು ಹನಿಯನ್ನ, ಆವಿಯನ್ನ ಅದು ಹಿಡಿಯಲ್ಲ. ಮುಂದೆ ಪೈಪಲ್ಲಿ ತಣ್ಣಗಾಗಿ, ಗನ್ ಬಾಯಲ್ಲಿ ಹನಿಯಾಗುತ್ತೆ. ಪೇಂಟ್ ಮೇಲೆ ಮೀನಿನ ಕಣ್ಣಿನಂಥ ಗುಂಡಿ. ಹಾಗಾಗಿ ನಮ್ಮ ಹವೆಯಲ್ಲಿ ಕಂಪ್ರೆಸರ್‌ಗೆ ಸಿಗೋ ವಿಶ್ರಾಂತಿನೇ ಅರ್ಧ ಡ್ರೈಯರ್. ಗನ್ ಕುಡಿಯೋದಕ್ಕಿಂತ ಕಂಪ್ರೆಸರ್ ಕೊಡೋದು ಜಾಸ್ತಿ ಇರಲೇಬೇಕು.

ಅಂದ್ರೆ ಕಂಪ್ರೆಸರ್‌ಗೆ ತಕ್ಕ ಗನ್. ಒಳ್ಳೆ ಗನ್ ಅನ್ನೋ ಹೆಸರು ಕೇಳಿ ತರಬೇಡಿ.

ಪೈಪಿನ ಜೋಡಣೆಯಲ್ಲೂ ಸ್ವಲ್ಪ ತಲೆ ಓಡಿಸಬೇಕು. ಟ್ರ್ಯಾಪನ್ನ ಕಂಪ್ರೆಸರ್ ಪಕ್ಕದಲ್ಲೇ ಹಾಕಿದ್ರೆ ಅಲ್ಲಿ ಗಾಳಿ ಇನ್ನೂ ಬಿಸಿ. ಏಳೆಂಟು ಮೀಟರ್ ಕಬ್ಬಿಣದ ಪೈಪ್ ಗೋಡೆ ಮೇಲೆ ಎಳೆದು, ತಣ್ಣಗಾದ ಮೇಲೆ ಟ್ರ್ಯಾಪ್ ಹಾಕಿ. ಪೈಪ್ ಸ್ವಲ್ಪ ಇಳಿಜಾರು ಇರಲಿ, ತುದಿಯಲ್ಲಿ ನೀರು ಬಿಡೋ ವಾಲ್ವ್ ಇರಲಿ, ಗನ್‌ಗೆ ಹೋಗೋ ಕವಲನ್ನ ಪೈಪಿನ ಮೇಲ್ಭಾಗದಿಂದ ತೆಗೀರಿ. ಗನ್ ಹತ್ತಿರ ಸಿಲಿಕಾ ಜೆಲ್ ಇರೋ ಸಣ್ಣ ಡ್ರೈಯರ್ ಹಾಕಿದ್ರೆ ಉಳಿದ ಆವಿಯನ್ನೂ ಹೀರುತ್ತೆ. ನೀಲಿ ಹರಳು ಗುಲಾಬಿ ಆದ್ರೆ ತುಂಬಿದೆ ಅಂತ ಅರ್ಥ. ಟ್ಯಾಂಕಿನ ಕೆಳಗಿನ ನಲ್ಲಿಯಿಂದ ದಿನಾ ನೀರು ಬಿಡಿ. ದುಡ್ಡಿಲ್ಲದ ಕೆಲಸ, ಆದ್ರೆ ಯಾರೂ ಮಾಡಲ್ಲ.

ಲೆಕ್ಕ ಹಾಕೋಣ

ಒಂದು ಲೀಟರ್ ಪೇಂಟಲ್ಲಿ ಅರ್ಧದಷ್ಟು ಮಾತ್ರ ಒಣಗಿ ಉಳಿಯೋದು ಅಂದ್ಕೊಳ್ಳಿ. 50 ಮೈಕ್ರಾನ್ ದಪ್ಪಕ್ಕೆ ಹೊಡೆದ್ರೆ, ಒಂದು ಹನಿ ವ್ಯರ್ಥ ಆಗದಿದ್ರೆ, 10 ಚದರ ಮೀಟರ್ ಬರುತ್ತೆ. 30 ಪರ್ಸೆಂಟ್ ಕೂರಿಸೋ ಗನ್‌ನಲ್ಲಿ 3 ಚದರ ಮೀಟರ್. 65 ಪರ್ಸೆಂಟ್ ಕೂರಿಸೋದ್ರಲ್ಲಿ ಆರೂವರೆ. ಟ್ರೈಲರ್ ಒಳಗೆ ಹೊರಗೆ ಕೆಳಗೆ ಸೇರಿ 30 ಚದರ ಮೀಟರ್ ಇದ್ರೆ, ಒಂದರಲ್ಲಿ 10 ಲೀಟರ್, ಇನ್ನೊಂದರಲ್ಲಿ 5 ಲೀಟರ್‌ಗೂ ಕಮ್ಮಿ. ಲೀಟರ್‌ಗೆ 400 ರೂಪಾಯಿ ಅಂತ ಹಿಡಿದ್ರೂ ಒಂದು ಕೋಟಿಗೆ ಎರಡು ಸಾವಿರ ರೂಪಾಯಿ ಗಾಳಿಗೆ. ಕೋಟಿ ಅಂದ್ರೆ ದುಡ್ಡಿನ ಕೋಟಿ ಅಲ್ಲಪ್ಪ, ಪೇಂಟ್ ಕೋಟ್! ಚಾನೆಲ್, ಆಂಗಲ್ ಇರೋ ಕಡೆ ಯಾವ ಗನ್ನಾದ್ರೂ ವ್ಯರ್ಥ ಜಾಸ್ತಿ ಆಗುತ್ತೆ, ಆದ್ರೂ ಒಳ್ಳೆ ಗನ್‌ಗೆ ಕೊಟ್ಟ ಹೆಚ್ಚಿನ ದುಡ್ಡು ಎರಡು ಮೂರು ಟ್ರೈಲರಲ್ಲಿ ವಾಪಸ್.

ಎದೆಗೂಡಿನ ಲೆಕ್ಕ

ಇದನ್ನ ಮಾತ್ರ ಯಾರೂ ಸ್ಕಿಪ್ ಮಾಡಬೇಡಿ.

ಹಾರ್ಡನರ್ ಸೇರಿಸಿ ಹೊಡೆಯೋ ಟೂ-ಕೆ ಪಿಯು ಪೇಂಟ್ ಹೊಳಪು ಚೆನ್ನಾಗಿರುತ್ತೆ, ಗಟ್ಟಿನೂ ಹೌದು. ಆದ್ರೆ ಆ ಹಾರ್ಡನರಲ್ಲಿ ಐಸೋಸಯನೇಟ್ ಇರುತ್ತೆ. ಇದು ನೀರಿನ ಜೊತೆ ಸೇರಿದ್ರೆ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಏಳುತ್ತೆ. ಅಂದ್ರೆ ನಮ್ಮ ಹವೆಗೆ ಮೊದಲೇ ಹೊಂದಲ್ಲ. ಅದಕ್ಕಿಂತ ದೊಡ್ಡ ವಿಷಯ, ಅದರ ಮಂಜು ಉಸಿರಿಗೆ ಹೋದ್ರೆ ಆಸ್ತಮಾ ಬರಬಹುದು. ಒಂದು ಸಲ ದೇಹ ಅದಕ್ಕೆ ತಿರುಗಿಬಿದ್ರೆ ಆಮೇಲೆ ಸ್ವಲ್ಪ ತಾಗಿದ್ರೂ ಉಸಿರು ಕಟ್ಟುತ್ತೆ. ಇದನ್ನ ಹೊಡೆಯೋರಿಗೆ ಹೊರಗಿಂದ ಶುದ್ಧ ಗಾಳಿ ಪೂರೈಸೋ ಮಾಸ್ಕ್ ಬೇಕು. ಟವೆಲ್ ಕಟ್ಟಿಕೊಂಡು ಹೊಡೆಯೋ ಪೇಂಟ್ ಅಲ್ಲ ಇದು. ಅಣ್ಣನ ಜೊತೆ ಕೆಲಸಕ್ಕಿರೋ ಹುಡುಗನಿಗೆ 20 ವರ್ಷ. "ಅಣ್ಣ, ಈ ಪೇಂಟ್ ಬೇಡ. ಗಿರಾಕಿ ಕೇಳಿದ್ರೂ ಬೇಡ" ಅಂತ ನಾನು ಹೇಳಿದ್ದು ಒಂದೇ ಸಲ, ಅವನು ಒಪ್ಪಿದ.

ಸಾಮಾನ್ಯ ಎನಾಮಲ್‌ಗೂ ಬಟ್ಟೆ ಮಾಸ್ಕ್, ಎನ್-95 ಸಾಕಾಗಲ್ಲ. ಅವು ಥಿನ್ನರ್ ಆವಿ ತಡೆಯಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರೋ ಮಾಸ್ಕ್, ಅದರ ಮುಂದೆ ಧೂಳಿನ ಫಿಲ್ಟರ್, ಎರಡೂ ಬೇಕು. ಒಳಗೆ ವಾಸನೆ ಬರೋಕೆ ಶುರುವಾದ್ರೆ ತಕ್ಷಣ ಹೊರಗೆ ಬಂದು ಕಾರ್ಟ್ರಿಡ್ಜ್ ಬದಲಿಸಿ. ಮತ್ತೆ ವೆಲ್ಡಿಂಗ್ ಮಾಡೋ ಶೆಡ್ಡಲ್ಲೇ ಸ್ಪ್ರೇ ಬೇಡ. ಒಂದು ಕಿಡಿ ಸಾಕು. ಪೇಂಟಿಗೆ ಪೆಟ್ರೋಲ್ ಹಾಕಿ ತೆಳು ಮಾಡೋ ಅಭ್ಯಾಸ ಇನ್ನೂ ಕೆಲವು ಕಡೆ ಇದೆ. ಬೆಂಕಿ ಭಯ ಒಂದು ಕಡೆ. ಇನ್ನೊಂದು ಕಡೆ ಅದು ಬೇಗ ಆವಿಯಾಗ್ತಾ ಮೈಯನ್ನ ತಣ್ಣಗೆ ಮಾಡುತ್ತೆ, ತಣ್ಣಗಾದ ಕಡೆ ಇಬ್ಬನಿ ಕೂರುತ್ತೆ, ಪೇಂಟ್ ಮಬ್ಬಾಗುತ್ತೆ. ಡಬ್ಬದ ಮೇಲೆ ಹೇಳಿರೋ ಥಿನ್ನರೇ ಹಾಕಿ. ನಿಧಾನ ಒಣಗೋ ಜಾತಿ ಸಿಕ್ಕಿದ್ರೆ ನಮ್ಮ ಕಡೆಗೆ ಒಳ್ಳೇದು.

ಕೊನೆಗೆ ಏನು ತಗೊಂಡ್ವಿ

ಅಣ್ಣನ ಶಾಪಿಗೆ ತ್ರೀ ಫೇಸ್ ಇದೆ. ಹಾಗಾಗಿ 3 ಎಚ್‌ಪಿ ಬೆಲ್ಟ್ ಕಂಪ್ರೆಸರ್, 6 ಸಿಎಫ್‌ಎಂ ಕುಡಿಯೋ ಎಲ್‌ವಿಎಲ್‌ಪಿ ಗನ್, ಟಾಪ್ ಕೋಟ್‌ಗೆ 1.4 ಮಿಲಿಮೀಟರ್ ನಾಜಲ್, ಪ್ರೈಮರ್‌ಗೆ 1.7. ಟ್ರ್ಯಾಪ್, ಸಿಲಿಕಾ ಜೆಲ್ ಡ್ರೈಯರ್, ಎರಡು ಮೀಟರ್, ಎರಡು ಮಾಸ್ಕ್. ಮುದ್ರಾ ಸಾಲದಲ್ಲಿ 50 ಸಾವಿರದವರೆಗೆ ಶಿಶು ವಿಭಾಗ. ಮೊದಲು ಅವನ ಮನಸ್ಸಲ್ಲಿದ್ದದ್ದು ಒಂದು ಲಕ್ಷ. ಹಳೇ ಉಳಿತಾಯ ಸ್ವಲ್ಪ ಸೇರಿಸಿ ಸಾಲವನ್ನ 50ರ ಒಳಗೇ ನಿಲ್ಲಿಸಿದ್ವಿ.

ಕಷ್ಟದ ತೀರ್ಮಾನ ಬೇರೆ ಇತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಕೆಲಸ ಒಪ್ಪಲ್ಲ ಅನ್ನೋದು. ನಾಟಿ ಟೈಮಲ್ಲಿ ಟಿಲ್ಲರ್ ರಿಪೇರಿಗೆ ಬರೋರು ಕೈಯಲ್ಲೇ ದುಡ್ಡು ಹಿಡಿದು "ಪೇಂಟೂ ಹೊಡೆದುಬಿಡಿ" ಅಂತಾರೆ. ಕಂತು ಕಟ್ಟೋನಿಗೆ ಇಲ್ಲ ಅನ್ನೋದು ಸುಲಭ ಅಲ್ಲ. ಕೂತು ಲೆಕ್ಕ ಹಾಕಿದ್ವಿ. ಎದ್ದ ಪೇಂಟನ್ನ ಕೆರೆದು ಮತ್ತೆ ಹೊಡೆದು ಕೊಡೋ ಒಂದು ಕೆಲಸ ಎರಡು ಕೆಲಸದ ಲಾಭ ತಿನ್ನುತ್ತೆ. ಮಳೆಗಾಲದಲ್ಲಿ ಉಜ್ಜಿದ ಜಾಗಕ್ಕೆ ಅವತ್ತೇ ಬ್ರಷ್‌ನಲ್ಲಿ ಪ್ರೈಮರ್ ತುಂಬಿ ಕೊಡೋದು, ಡಿಸೆಂಬರ್‌ನಿಂದ ಫೆಬ್ರವರಿಗೆ ಪೂರ್ತಿ ಸ್ಪ್ರೇಗೆ ಬುಕಿಂಗ್ ತಗೊಳ್ಳೋದು. ಹೊಡೆಯೋದು ಬೆಳಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಮೂರರವರೆಗೆ. ಸಂಜೆ ಹೊಡೆದ್ರೆ ಒಣಗೋಕೆ ಮುಂಚೆ ಇಬ್ಬನಿ ಬೀಳುತ್ತೆ. ಉಜ್ಜಿದ ಕಬ್ಬಿಣಕ್ಕೆ ಅವತ್ತೇ ಪ್ರೈಮರ್ ಬೀಳಬೇಕು, ನಾಳೆಗೆ ಬಿಟ್ಟರೆ ಬೆಳಗ್ಗೆ ಕೆಂಪಗೆ ತುಕ್ಕು ಕೂತಿರುತ್ತೆ.

ಮನೆಯಲ್ಲಿ ಒಂದೇ ಟಿಲ್ಲರ್ ಇರೋರಿಗೆ ಒಂದು ಮಾತು. ನೀವು ಏನೂ ಕೊಳ್ಳಬೇಡಿ. ಸೋಪು ನೀರಲ್ಲಿ ತೊಳೆದು, ಮೈಲುತುತ್ತ ಗೊಬ್ಬರದ ಅಂಶ ಹೋಗೋ ಹಾಗೆ ಚೆನ್ನಾಗಿ ಶುದ್ಧ ನೀರು ಬಿಟ್ಟು, ಒಣಗಿಸಿ, ತುಕ್ಕು ಉಜ್ಜಿ, ಪ್ರೈಮರ್ ಹಾಕಿ, ಬ್ರಷ್‌ನಲ್ಲಿ ಎರಡು ಕೋಟ್ ಬಳಿದ್ರೆ ಸಾಕು. ಮೂಲೆ, ವೆಲ್ಡ್ ಗಂಟುಗಳಿಗೆ ಗನ್‌ಗಿಂತ ಬ್ರಷ್ಷೇ ಚೆನ್ನಾಗಿ ಪೇಂಟ್ ತುಂಬುತ್ತೆ. ಊರಲ್ಲಿ ಹತ್ತು ಯಂತ್ರ ಇದೆ, ಸ್ವಸಹಾಯ ಸಂಘ ಇದೆ ಅಂದ್ರೆ ಒಂದು ಸೆಟ್ ಸೇರಿ ತಗೊಳ್ಳೋದು ಯೋಚಿಸಿ. ಸಿಂಗಲ್ ಫೇಸ್ ಮಾತ್ರ ಇದ್ರೆ ಟರ್ಬೈನ್ ನೋಡಿ, ಇಲ್ಲಾಂದ್ರೆ 2 ಎಚ್‌ಪಿ ಕಂಪ್ರೆಸರ್‌ಗೆ ಅದಕ್ಕಿಂತ ಕಮ್ಮಿ ಗಾಳಿ ಕುಡಿಯೋ ಸಣ್ಣ ಗನ್.

ಇಷ್ಟು ಇವತ್ತಿಗೆ. ನಿಮ್ಮ ಊರಲ್ಲಿ ಯಾವ ತಿಂಗಳಲ್ಲಿ ಪೇಂಟ್ ಚೆನ್ನಾಗಿ ಹಿಡಿಯುತ್ತೆ, ಯಾವುದರಲ್ಲಿ ಎದ್ದು ಬಂತು, ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸೆಕೆಂಡ್ ಹ್ಯಾಂಡ್ ಟಿಲ್ಲರ್ ಕೊಳ್ಳೋವಾಗ ಹೊಸ ಪೇಂಟ್ ಕೆಳಗೆ ಏನಿದೆ ಅಂತ ನೋಡೋದು ಹೇಗೆ ಅನ್ನೋದನ್ನ ಮಾತಾಡೋಣ. ಅಲ್ಲಿವರೆಗೆ ಟ್ಯಾಂಕಿನ ನೀರು ಬಿಡೋದು ಮರೀಬೇಡಿ. ನಮಸ್ಕಾರ.